ಪೊರಕೆ ಗಾಡಿಯ ಮುಂದೆ

ಮಾರ್ಚ್ 4, ಮಂಗಳವಾರ

ಯಾರದು ಓದುತ್ತಿರುವುದು? ಮುದುಕಿಯ ದಿಂಬಿನ ಕೆಳಗೆ ಕೈ ಹಾಕುವಷ್ಟು ಬಿಡುವಿದ್ದರೆ ಹೋಗಿ ಆ ಸೋರುವ ನಲ್ಲಿಗೆ ವಾಷರ್ ಹಾಕು. ಕಣ್ಣು ಕೊಟ್ಟಿರುವುದು ಕಂಡವರ ಬರಹ ಓದುವುದಕ್ಕಲ್ಲ. ಮಗನೇ ಆಗಿದ್ದರೆ ಇನ್ನೂ ಕೇಡು: ರಾತ್ರಿಯೆಲ್ಲ ಬೇಕರಿಯಲ್ಲಿ ಬ್ರೆಡ್ ಬೇಯಿಸಿ ಬಂದವನು ಮಲಗಬೇಕೇ ಹೊರತು ಹೆತ್ತವಳ ಗುಟ್ಟು ಹುಡುಕಬಾರದು. ಮುಚ್ಚು ಪುಸ್ತಕ. ಮುಚ್ಚಿದೆಯಾ? ಇಲ್ಲ. ನನಗೆ ಗೊತ್ತು.

ಇದು ಕ್ಲಿನಿಕ್ಕಿನ ನರ್ಸಮ್ಮ ಕೊಟ್ಟ ಬುದ್ಧಿ. "ಅಜ್ಜೀ, ನಿಮ್ಮ ಬಿ.ಪಿ. ಏರೋದು ಉಪ್ಪಿನಿಂದ ಅಲ್ಲ, ನಾಲಿಗೆಯಿಂದ. ಬೈಬೇಕು ಅನ್ನಿಸಿದಾಗೆಲ್ಲ ಒಂದು ಪುಸ್ತಕದಲ್ಲಿ ಬರೆದುಬಿಡಿ" ಎಂದಳು. ಹಾಗೆ ಬರೆಯುತ್ತಾ ಹೋದರೆ ಊರಿನ ಕಾಗದವೆಲ್ಲ ಖಾಲಿಯಾದೀತು. ನಾನು ಕಲಿತದ್ದು ಹಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಳ್ಳುವುದು ಬೇಡ, ಹೇಳಿದೆನಲ್ಲ, ಓದುವುದೇ ಬೇಡ.

ಇವತ್ತು ಬರೆಯಬೇಕಾದ ಬೈಗುಳ ಸೊಸೆಗೆ ಸೇರಿದ್ದು. ಈ ವರ್ಷವೂ ಸೈಕಲ್ ರೇಸಿಗೆ ಹೆಸರು ಕೊಟ್ಟು ಬಂದಿದ್ದಾಳೆ. ಮಗಳು ಎದೆಯೆತ್ತರಕ್ಕೆ ಬೆಳೆದು ನಿಂತಿದ್ದಾಳೆ, ಇವಳಿಗೆ ಸೈಕಲ್ಲು.

ಮಾರ್ಚ್ 12, ಬುಧವಾರ

ಮಂಡಿ ನೋವು. ಬೆಳಕು ಹರಿಯುವ ಮುಂಚೆ ಸೊಸೆ ಸೈಕಲ್ ತೆಗೆದುಕೊಂಡು ಹೋದರೆ ಹಾಲು ಕಾಯಿಸುವವಳು ನಾನು, ಮೊಮ್ಮಗಳ ಜಡೆ ಹೆಣೆಯುವವಳು ನಾನು, ನೀರು ತುಂಬುವವಳು ನಾನು. ಬಂದವಳು ಬೆವರಿನಲ್ಲೇ ನಾಲ್ಕು ತುತ್ತು ತಿಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಓಡುತ್ತಾಳೆ. ಅಲ್ಲಿ ಅವಳ ಕೆಲಸ ಹಾಸಿಗೆಯ ಹೊದಿಕೆಗಳನ್ನು ಬಿಸಿ ಉರುಳೆಗೆ ಕೊಟ್ಟು ಇಸ್ತ್ರಿ ಮಾಡುವುದು. ದಿನವಿಡೀ ಒಲೆಯ ಮುಂದೆ ನಿಂತಂತೆ. ಅದು ಸಾಲದು ಅಂತ ರೇಸು.

ಹೋದ ವರ್ಷ ಏನಾಯಿತು? ಆ ರೇಸಿನ ಬಾಲದಲ್ಲಿ ಒಂದು ವ್ಯಾನ್ ಬರುತ್ತದೆ. ಹಿಂದೆ ಒಂದು ಪೊರಕೆ ನಿಲ್ಲಿಸಿ ಕಟ್ಟಿರುತ್ತಾರೆ, ಹಿಂದುಳಿದವರನ್ನು ಗುಡಿಸಿಕೊಂಡು ಬರುವ ಗಾಡಿ ಎಂದು ಲೋಕಕ್ಕೆ ಗೊತ್ತಾಗಲಿ ಅಂತ. ಅದು ಒಂದೇ ಹದದಲ್ಲಿ ನಿಧಾನವಾಗಿ ಬರುತ್ತದೆ. ಅದರ ಮೂತಿ ನಿಮ್ಮ ಹಿಂದಿನ ಚಕ್ರ ದಾಟಿತೋ, ಒಳಗಿರುವ ಸಾಹೇಬ ಸೀಟಿ ಊದಿ ಬೆನ್ನಿನ ನಂಬರು ಕಿತ್ತುಕೊಳ್ಳುತ್ತಾನೆ. ಮುಂದಿದ್ದವರು ಮಾತ್ರ ರೇಸಿನಲ್ಲಿ. ಇವಳು ರೇಸು ಮುಗಿಯುವ ಸ್ಟೇಡಿಯಮ್ಮಿನ ಗೇಟು ಕಣ್ಣಿಗೆ ಕಾಣುವ ತಿರುವಿನಲ್ಲಿ ಸಿಕ್ಕಿಬಿದ್ದಳು. ಸೈಕಲ್ಲು ವ್ಯಾನಿನ ತಲೆಯ ಮೇಲೆ, ಇವಳು ಕಿಟಕಿಯಲ್ಲಿ. ಬೀದಿಯೆಲ್ಲ ನೋಡಿತು. ಜೊತೆಯ ಕೆಲಸದವರು ಈಗಲೂ ಅವಳನ್ನು "ವ್ಯಾನಮ್ಮ" ಅನ್ನುತ್ತಾರಂತೆ.

ರಾತ್ರಿ ಊಟಕ್ಕೆ ಕೂತಿದ್ದಳು. ನನ್ನ ಎಣ್ಣೆ ಬಾಟಲಿ ಎಲ್ಲಿ ಅಂದೆ, ಎದ್ದಳು. ಬಾಗಿಲು ಬಡಿದರು, ಎದ್ದಳು. ಮತ್ತೆ ಕೂತು ತಣ್ಣಗಾದ ಅನ್ನ ಕಲಸುತ್ತಾ, "ಅತ್ತೆ, ಈ ಮನೇಲಿ ನಾನು ಯಾವುದನ್ನಾದ್ರೂ ಶುರುವಿಂದ ಕೊನೇವರೆಗೆ ಮಾಡಿದ್ದು ನೋಡಿದೀರಾ? ಒಂದು ಊಟ? ಒಂದು ನಿದ್ದೆ? ಒಂದೇ ಒಂದು ಸಲ ಆ ಗೇಟಿನೊಳಗೆ ನನ್ನ ಕಾಲ ಮೇಲೆ ಹೋಗ್ಬೇಕು. ಅಷ್ಟೇ" ಅಂದಳು.

"ಕಾಲಿನ ಮೇಲೆ ಹೋಗ್ಬೇಕಾದ್ರೆ ನಡ್ಕೊಂಡು ಹೋಗು, ಯಾರು ಬೇಡ ಅಂತಾರೆ" ಅಂದೆ. ಮಗ ನಕ್ಕ. ಅವಳು ನಗಲಿಲ್ಲ.

ಮಾರ್ಚ್ 23, ಭಾನುವಾರ

ಬಿಸಿಲು. ಬರೆಯುವಂಥದ್ದೇನಿಲ್ಲ. ಮಂಡಿ ಹಾಗೇ ಇದೆ.

ಏಪ್ರಿಲ್ 5, ಶನಿವಾರ

ಅಂದುಕೊಂಡಿದ್ದೇ ಆಯಿತು. ಸೊಸೆ ಕೆಲಸದಲ್ಲಿ ತಲೆ ತಿರುಗಿ ಬಿದ್ದಳು. ಬಿಸಿ ಉರುಳೆಯ ಮೇಲೆ ಬೀಳದೆ ಪಕ್ಕದ ಬಟ್ಟೆ ಗಂಟಿನ ಮೇಲೆ ಬಿದ್ದಿದ್ದು ಯಾರ ಪುಣ್ಯವೋ. ಆಟೋದಲ್ಲಿ ತಂದು ಬಿಟ್ಟರು. ತುಟಿ ಸುಣ್ಣದ ಹಾಗಿತ್ತು. ರಕ್ತ ಕಡಿಮೆ, ಬಿಸಿಲಿಗೆ ಹೋಗಬಾರದು ಎಂದು ನರ್ಸಮ್ಮ ಹೇಳಿ ಕಳಿಸಿದ್ದಾಳೆ.

"ಆಯ್ತಲ್ಲ, ಇನ್ನು ಆ ಸೈಕಲ್ಲನ್ನ ಗುಜರಿಗೆ ಹಾಕು" ಅಂದೆ.

"ರೇಸಿಗೆ ಇನ್ನೂ ಒಂದು ವಾರ ಇದೆ ಅತ್ತೆ."

"ನೀನು ರಸ್ತೇಲಿ ಬಿದ್ದು ಸತ್ರೆ ಈ ಮನೇಲಿ ಅಡುಗೆ ಮಾಡೋರು ಯಾರೇ?"

"ನೀವಿದೀರಲ್ಲ" ಅಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಮಗನಿಗೆ ಹೇಳಿದೆ: ನಿನ್ನ ಹೆಂಡತಿಗೆ ಬೇಡ ಅನ್ನು. ಅವನು ತಲೆ ಕೆರೆದುಕೊಂಡ. ಹುಟ್ಟಿದಾಗಿನಿಂದ ಅವನು ಮಾಡಿರುವುದು ಅದೊಂದೇ. ನನಗೆ ನಿದ್ದೆ ಬರುತ್ತಿಲ್ಲ. ಅಡುಗೆ ಮನೆ ನನ್ನ ತಲೆಗೆ ಬಂದೀತು ಅನ್ನುವ ಚಿಂತೆ.

ಏಪ್ರಿಲ್ 8, ಮಂಗಳವಾರ

ದಾರಿ ಸಿಕ್ಕಿತು. ಈ ವರ್ಷ ಪೊರಕೆ ಗಾಡಿ ಓಡಿಸುವವನು ನನ್ನ ತಮ್ಮನೇ. ಅವನದು ಮಕ್ಕಳನ್ನು ಶಾಲೆಗೆ ಬಿಡುವ ವ್ಯಾನು. ರಜೆಯ ದಿನ ಸುಮ್ಮನೆ ನಿಂತಿರುತ್ತದೆ ಅಂತ ಒಪ್ಪಿಕೊಂಡನಂತೆ. ಹೋಗಿ ಹಿಡಿದೆ.

"ನನ್ನೂ ಕೂರಿಸ್ಕೊಂಡು ಹೋಗೋ."

"ಅಕ್ಕ, ಅದೇನು ಮದುವೆ ದಿಬ್ಬಣ ಅಂದ್ಕೊಂಡ್ಯಾ?"

"ಸುಸ್ತಾಗಿ ಹತ್ತಿದೋರಿಗೆ ನೀರು ಕೊಡೋಕೆ ಯಾರಾದ್ರೂ ಬೇಡ್ವೇನೋ?"

ಯೋಚಿಸಿ, ಬೇಕು ಅಂದ. ನನ್ನ ಲೆಕ್ಕ ಸರಳ. ಅವಳನ್ನು ತಡೆಯಲು ಆಗುವುದಿಲ್ಲ. ಆದರೆ ಬೆನ್ನಿಗೇ ವ್ಯಾನು, ವ್ಯಾನಿನಲ್ಲಿ ನೆರಳು, ನೆರಳಿನಲ್ಲಿ ತಣ್ಣನೆ ನೀರಿನ ಕೊಡ, ಕೊಡದ ಪಕ್ಕದಲ್ಲಿ ನಾನು. ಎಷ್ಟು ದೂರ ಹಟ ಮಾಡುತ್ತಾಳೆ? ಅರ್ಧ ದಾರಿಯಲ್ಲಿ ಹತ್ತಿಸಿಕೊಂಡು ಮನೆಗೆ ತಂದು ಮಲಗಿಸುತ್ತೇನೆ. ನನಗೆ ಗುಟ್ಟು ಮಾಡುವ ಅಭ್ಯಾಸವಿಲ್ಲ, ಅವಳಿಗೂ ಹೇಳಿದೆ. "ಬನ್ನಿ. ಗಾಡಿ ಮುಟ್ಟೋಷ್ಟು ಹಿಂದೆ ನಾನು ಇರಲ್ಲ" ಅಂದಳು. ಸೊಕ್ಕು.

ಏಪ್ರಿಲ್ 13, ಭಾನುವಾರ

ಮೈಯೆಲ್ಲ ಧೂಳು. ಬರೆಯಲು ಕೈ ಏಳುತ್ತಿಲ್ಲ. ನಾಳೆ.

ಏಪ್ರಿಲ್ 14, ಸೋಮವಾರ

ಬರೆಯುತ್ತೇನೆ, ಇಲ್ಲದಿದ್ದರೆ ತಲೆಯಲ್ಲೇ ಚಕ್ರ ತಿರುಗುತ್ತಿರುತ್ತದೆ.

ಊರ ಹೊರಗಿನ ಗೋದಾಮಿನ ಮುಂದಿನಿಂದ ಬಿಟ್ಟರು. ಬಣ್ಣ ಬಣ್ಣದ ಬಿಗಿ ಅಂಗಿಗಳು ಸೊಳ್ಳೆ ಹಿಂಡಿನ ಹಾಗೆ ಒಮ್ಮೆಗೇ ಹೊರಟು ಹೋದವು. ಸೊಸೆ ಹಳೆಯ ಚೂಡಿದಾರದ ಪೈಜಾಮವನ್ನು ಕಾಲಿನ ಹತ್ತಿರ ದಾರದಿಂದ ಕಟ್ಟಿಕೊಂಡಿದ್ದಳು. ನಾವು ಹಿಂದೆ. ತಮ್ಮ ಸ್ಟಿಯರಿಂಗ್ ಹಿಡಿದಿದ್ದ. ಪಕ್ಕದಲ್ಲಿ ಸೀಟಿ ಸಾಹೇಬ, ಟೋಪಿ, ಕೊರಳಲ್ಲಿ ಸೀಟಿ. ಮಕ್ಕಳ ಸೀಟುಗಳು ಎಷ್ಟು ಸಣ್ಣವೆಂದರೆ ನನ್ನ ಮಂಡಿ ಗಲ್ಲಕ್ಕೆ ತಾಗುತ್ತಿತ್ತು.

ಡಾಂಬರು ರಸ್ತೆ ಮುಗಿದು ಕಲ್ಲು ಕ್ವಾರಿಯ ರಸ್ತೆ ಬಂತು. ಅದನ್ನು ರಸ್ತೆ ಅಂದವನ ಬಾಯಿಗೆ ಜಲ್ಲಿ ಹಾಕಬೇಕು. ಲಾರಿಗಳು ಉತ್ತುಹಾಕಿವೆ. ಮರದ ಹೆಸರಿಲ್ಲ. ಬಿಸಿಲು ಮೇಲಿನಿಂದಲೂ ಬರುತ್ತಿತ್ತು, ಕೆಳಗಿನಿಂದಲೂ ಬರುತ್ತಿತ್ತು. ಸೊಸೆ ಎಲ್ಲೋ ಮುಂದೆ, ಕಾಣಿಸಲಿಲ್ಲ. ನಮ್ಮ ಮೂತಿಯ ಮುಂದೆ ಔಷಧಿ ಅಂಗಡಿಯವನು ಏದುಸಿರು ಬಿಡುತ್ತಾ ತುಳಿಯುತ್ತಿದ್ದ.

ನನಗೆ ಆಗ ಹೊಳೆಯಿತು. ಇವನು ಮುಂದಿರುವಷ್ಟು ಹೊತ್ತು ನಾವು ಇವನ ಹಿಂದೆಯೇ ತೆವಳಬೇಕು. ಇವನು ಹತ್ತಿದರೆ ಮುಂದಿನವನು, ಅವನೂ ಹತ್ತಿದರೆ ಕೊನೆಗೆ ನನ್ನ ಸೊಸೆ. ಕಿಟಕಿಯಿಂದ ತಲೆ ಹಾಕಿದೆ.

"ಏನಪ್ಪಾ, ಊರಿಗೆಲ್ಲ ಮಾತ್ರೆ ಕೊಡೋನು ನೀನು. ನೀನೇ ಬಿದ್ರೆ ನಿಂಗೆ ಕೊಡೋರು ಯಾರು? ಬಾ, ತಣ್ಣಗಿನ ನೀರಿದೆ."

ಅವನು ನನ್ನನ್ನು ನೋಡಿದ, ಕೊಡ ನೋಡಿದ, ಇಳಿದೇಬಿಟ್ಟ. ಅವನ ಸೈಕಲ್ಲನ್ನು ಮೇಲೆ ಹತ್ತಿಸಿ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿಯಲು ತಮ್ಮನಿಗೆ ಸಾಕುಬೇಕಾಯಿತು. ಆಮೇಲೆ ಡ್ರಿಲ್ ಮೇಷ್ಟ್ರು ಸಿಕ್ಕಿದರು. "ಮೇಷ್ಟ್ರೇ, ಮಕ್ಕಳಿಗೆ ಓಡಿ ಓಡಿ ಅಂತೀರಲ್ಲ, ಈಗ ಗೊತ್ತಾಯ್ತಾ?" ಅಂದೆ. "ಗೊತ್ತಾಯ್ತು ತಾಯೀ" ಅಂತ ಹತ್ತಿದರು. ಆಮೇಲೆ ಅಣ್ಣ ತಮ್ಮಂದಿರಿಬ್ಬರು, ಕ್ಷೌರದ ಅಂಗಡಿಯವರು. ಒಬ್ಬ ಹತ್ತಿದರೆ ಇನ್ನೊಬ್ಬ ಹತ್ತುವುದಿಲ್ಲ. ಅವರ ಜಗಳ ತೀರಿಸಿ ಇಬ್ಬರನ್ನೂ ಒಳಗೆ ಹಾಕಿಕೊಂಡೆ. ಪ್ರತಿ ಸಲವೂ ನಿಲ್ಲಿಸು, ಮೇಲೆ ಹತ್ತಿಸು, ಕಟ್ಟು. ಸೀಟಿ ಸಾಹೇಬ ಗಡಿಯಾರ ನೋಡಿದ.

"ಡ್ರೈವರ್, ತಡ ಆಯ್ತು. ಸ್ವಲ್ಪ ಜೋರಾಗಿ ಬಿಡಿ."

"ಈ ಗುಂಡಿಗಳಲ್ಲಿ ಜೋರಾಗಿ ಬಿಟ್ರೆ ಮೇಲಿರೋ ಸೈಕಲ್ಲೆಲ್ಲ ರಸ್ತೆಗೆ ಬೀಳ್ತವೆ ಸಾರ್. ನೀವು ಇಳಿದು ಆಯ್ಕೊಂಡು ಬರ್ತೀರಾ?"

ಸೀಟಿ ಸಾಹೇಬ ಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡ.

ನೀರಿನ ಟ್ಯಾಂಕಿನ ಏರು ದಾಟಿದ ಮೇಲೆ ಕಂಡಳು. ಅವಳ ಹಿಂದೆ ಈಗ ಯಾರೂ ಇರಲಿಲ್ಲ, ನಾವೇ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ ತುಳಿಯುತ್ತಿದ್ದಳು, ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ಬೆನ್ನನ್ನು ನಾನು ಹಿಂದಿನಿಂದ ಅಷ್ಟು ಹೊತ್ತು ನೋಡಿದ್ದೇ ಇಲ್ಲ. ಮನೆಯಲ್ಲಿ ಅವಳು ಒಲೆಯ ಕಡೆ ತಿರುಗಿರುವುದೇ ಹೆಚ್ಚು, ಆದರೂ.

"ಬಿಡಬೇಡಿ ಅಕ್ಕಾ!" ಅಂತ ಔಷಧಿ ಅಂಗಡಿಯವನು ಕೂಗಿದ. ತಾನು ಬಿಟ್ಟು ಬಂದವನಿಗೆ ಬಾಯಿ ನೋಡು.

"ಹತ್ರ ಬಿಡೋ" ಅಂತ ತಮ್ಮನಿಗೆ ಅಂದೆ. ಹತ್ತಿರ ಬಂತು. ಇನ್ನೇನು ನನ್ನ ಕೆಲಸ ಆಯಿತು ಅನ್ನುವಾಗ ಅವಳ ಚೈನ್ ಕಳಚಿತು. ಸೈಕಲ್ ಅಡ್ಡಾದಿಡ್ಡಿ ಹೋಗಿ ನಿಂತಿತು. ಇಳಿದು ಮಂಡಿಯೂರಿ ಕೂತಳು. ಚೈನನ್ನು ಚಕ್ರದ ಹಲ್ಲಿಗೆ ಕೂರಿಸಲು ಹೋದರೆ ಬೆರಳು ಜಾರುತ್ತಿತ್ತು. ಆಗಲೂ ನಮ್ಮ ಕಡೆ ನೋಡಲಿಲ್ಲ. ಅಳುತ್ತಿದ್ದಳೋ ಬೆವರೋ, ದೂರಕ್ಕೆ ತಿಳಿಯಲಿಲ್ಲ. ಸೀಟಿ ಸಾಹೇಬ ಸೀಟಿಯನ್ನು ಬಾಯಿಗಿಟ್ಟ.

"ನಿಲ್ಸೋ ಗಾಡಿ" ಅಂದೆ.

"ಏನಕ್ಕ?"

"ನಂಗೆ ಅವಸರ ಆಗಿದೆ."

"ಈಗ್ಲಾ?"

"ಅದೇನು ಹೇಳಿ ಕೇಳಿ ಬರುತ್ತೇನೋ? ಬೆಳಗ್ಗೆಯಿಂದ ನೀರು ಕುಡಿದಿದೀನಿ. ನಿಲ್ಲಿಸ್ತೀಯೋ, ಮಕ್ಕಳ ಸೀಟು ಹಾಳು ಮಾಡ್ಲೋ?"

ನಿಲ್ಲಿಸಿದ. ಸೀಟಿ ಸಾಹೇಬ ಏನೋ ಅನ್ನಲು ಬಾಯಿ ತೆರೆದು, ನನ್ನ ಮುಖ ನೋಡಿ, ಟೋಪಿ ಸರಿಮಾಡಿಕೊಂಡ. ಅಲ್ಲಿ ಮರೆ ಎಲ್ಲಿದೆ? ಬಯಲು. ದೂರದಲ್ಲಿ ಒಂದು ಮುಳ್ಳುಪೊದೆ. ಅಲ್ಲಿಯ ತನಕ ಹೋದೆ. ಮಂಡಿ ನೋಯುವವಳು ಓಡಲಾದೀತೇ? ಕೂತವಳು ಏಳುವುದೂ ಸುಲಭವಲ್ಲ. ಸೀರೆಗೆ ಮುಳ್ಳು ಸಿಕ್ಕಿಕೊಂಡಿತು, ಬಿಡಿಸಿಕೊಳ್ಳಬೇಡವೇ? ಹೊಸ ಸೀರೆ. ವಾಪಸು ಬರುವಾಗ ಚಪ್ಪಲಿಯೊಳಗೆ ಕಲ್ಲು. ತಮ್ಮ ಹಾರ್ನ್ ಹೊಡೆದ. ಹೊಡೆಯಲಿ. ಅವನಿಗೆ ನಡೆಯಲು ಕಲಿಸಿದವಳು ನಾನು.

ನಾನು ಹತ್ತುವಾಗ ರಸ್ತೆಯಲ್ಲಿ ಅವಳಿರಲಿಲ್ಲ. ಧೂಳು ಮಾತ್ರ ಇತ್ತು. ವ್ಯಾನಿನಲ್ಲಿ ಎಲ್ಲರೂ ಕಿಟಕಿಯ ಕಡೆ ತಿರುಗಿ ನಗು ನುಂಗುತ್ತಿದ್ದರು.

ಸ್ಟೇಡಿಯಮ್ಮಿನ ತಿರುವಿನಲ್ಲಿ ಮತ್ತೆ ಕಂಡಳು. ಹತ್ತಿರ, ಇನ್ನೂ ಹತ್ತಿರ. ನನಗೆ ಕಣ್ಣಿಗೆ ಧೂಳು ಬಿದ್ದು ಸರಿಯಾಗಿ ನೋಡಲಾಗಲಿಲ್ಲ. ವ್ಯಾನಿನೊಳಗೆ ಯಾರೋ ಹೆಂಗಸು "ತುಳಿಯೇ! ತುಳಿಯೇ ನಮ್ಮವ್ವಾ!" ಎಂದು ಅರಚುತ್ತಿದ್ದಳು. ನನ್ನ ಗಂಟಲು ಈಗಲೂ ಕಟ್ಟಿದೆ. ವ್ಯಾನಿನಲ್ಲಿ ಬೇರೆ ಹೆಂಗಸರಿರಲಿಲ್ಲ.

ಗೇಟು ದಾಟಿದಳು. ನಾವು ಆಮೇಲೆ ದಾಟಿದೆವು. ನೀರು ಕೊಟ್ಟೆ. ಲೋಟ ಪೂರ್ತಿ ಕುಡಿದು ಖಾಲಿ ಲೋಟ ಕೊಟ್ಟಳು.

ಏಪ್ರಿಲ್ 16, ಬುಧವಾರ

ಗಾಡಿಗಿಂತ ಮುಂಚೆ ಗೇಟು ದಾಟಿದವರಿಗೆಲ್ಲ ಕೊಡುವ ಪದಕವನ್ನು ಕನ್ನಡಿಯ ಮೊಳೆಗೆ ನೇತು ಹಾಕಿದ್ದಾಳೆ. ತಲೆ ಬಾಚಲು ಹೋದರೆ ಮೂಗಿಗೆ ಬಡಿಯುತ್ತದೆ. ಕೆಲಸದಲ್ಲಿ ಈಗ ಯಾರೂ ವ್ಯಾನಮ್ಮ ಅನ್ನುವುದಿಲ್ಲವಂತೆ. ಇವತ್ತು ಬೆಳಗ್ಗೆ ಸೌಟು ಹಿಡಿದುಕೊಂಡೇ ಹಾಡುತ್ತಿದ್ದಳು. ಶ್ರುತಿ ಇಲ್ಲ. ಬೈಯೋಣ ಅಂದುಕೊಂಡೆ, ಮರೆತೆ.

ಏಪ್ರಿಲ್ 19, ಶನಿವಾರ

ತಮ್ಮನ ನಾಲಿಗೆಗೆ ಬೆಂಕಿ ಬೀಳ.

ಸಂಜೆ ಬಂದು ಚಹಾ ಕುಡಿಯುತ್ತಾ, ಮೊಮ್ಮಗಳನ್ನು ನಗಿಸಲೆಂದು ಇಡೀ ಕತೆ ಆಡಿ ತೋರಿಸಿದ. ನಾನು ಮುಳ್ಳುಪೊದೆಗೆ ಹೋದದ್ದು, ಚಪ್ಪಲಿ ಬಿಚ್ಚಿ ಕೊಡವಿದ್ದು, ಸೀಟಿ ಸಾಹೇಬನ ಮುಖ. "ನಿಮ್ಮಜ್ಜಿ ಹೋಗಿದ್ದು ನೋಡಿದ್ರೆ ಸಾಯಂಕಾಲಕ್ಕೇ ವಾಪಸು ಬರೋದು ಅನ್ಕೊಂಡೆ. ಅಷ್ಟೊತ್ತಿಗೆ ನಿಮ್ಮಮ್ಮ ಚೈನ್ ಹಾಕ್ಕೊಂಡು ಪರಾರಿ!" ಮಗು ಹೊಟ್ಟೆ ಹಿಡಿದು ನಕ್ಕಿತು. ಮಗನೂ ನಕ್ಕ.

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಇದು ಗೊತ್ತೇ ಇರಲಿಲ್ಲ. ಚೈನಿನ ಮೇಲೆ ಕಣ್ಣು ನೆಟ್ಟವಳು ಗಾಡಿ ನಿಂತದ್ದನ್ನು ಎಲ್ಲಿ ನೋಡುತ್ತಾಳೆ?

ತಮ್ಮ ಹೋದ ಮೇಲೆ ಕೇಳಿದಳು. "ಅತ್ತೆ, ನಿಮಗೆ ನಿಜವಾಗ್ಲೂ ಅವಸರ ಆಗಿತ್ತಾ?"

"ಆಗಿತ್ತು" ಅಂದೆ.

ನನ್ನನ್ನೇ ನೋಡಿದಳು. ನಾನು ಅಲ್ಲಾಡಲಿಲ್ಲ. ಇಲ್ಲಿಯೂ ಅದನ್ನೇ ಬರೆಯುತ್ತೇನೆ, ಆಗಿತ್ತು.

ಅವಳು ಒಳಗೆ ಹೋಗಿ ಮೊಳೆಯಿಂದ ಪದಕ ತೆಗೆದಳು.

ಏಪ್ರಿಲ್ 20, ಭಾನುವಾರ

ಮಾತಿಲ್ಲ. "ಊಟ" ಅನ್ನುತ್ತಾಳೆ, "ಮಾತ್ರೆ" ಅನ್ನುತ್ತಾಳೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇದಕ್ಕೆ ಏನು ಮಾಡುವುದು?

ಏಪ್ರಿಲ್ 24, ಗುರುವಾರ

ಸುಸ್ತು. ಮನೆಯೊಳಗೆ ಗಾಳಿಯೇ ಆಡುತ್ತಿಲ್ಲ.

ಪದಕ ವಾಪಸು ಕೊಡಲು ಸೀಟಿ ಸಾಹೇಬನ ಹತ್ತಿರ ಹೋಗಿದ್ದಳಂತೆ. ಅವನು ತೆಗೆದುಕೊಳ್ಳಲಿಲ್ಲ. ಗಾಡಿ ಯಾವ ಕಾರಣಕ್ಕೆ ನಿಂತರೂ ನಿಂತಂತೆಯೇ, ಮುಂದಿದ್ದವರು ಮುಂದಿದ್ದಂತೆಯೇ, ನಿಯಮ ಇರುವುದೇ ಹಾಗೆ ಅಂದನಂತೆ. ಟೋಪಿಯ ಕೆಳಗೆ ಸ್ವಲ್ಪ ಬುದ್ಧಿ ಇದೆ ಅವನಿಗೆ. ಇವಳಿಗೆ ಅದು ಸಾಲದು. ಪದಕ ಬೀರುವಿನಲ್ಲಿ ಹಳೆ ಬಟ್ಟೆಯ ಕೆಳಗೆ ಹೋಯಿತು.

ರಾತ್ರಿ ಊಟದ ಹೊತ್ತಿಗೆ ಬಾಗಿಲು ಬಡಿದರು. ಸೊಸೆ ಉಣ್ಣುತ್ತಿದ್ದಳು. "ಕೂತ್ಕೋ" ಅಂದು ನಾನೇ ಎದ್ದು ಹೋದೆ. ಪಕ್ಕದ ಮನೆಯವಳು ಸಕ್ಕರೆ ಕೇಳಲು ಬಂದಿದ್ದಳು. ಹೊತ್ತು ಗೊತ್ತಿಲ್ಲವೇ ಅವಳಿಗೆ, ಜನ ಉಣ್ಣುವುದಿಲ್ಲವೇ? ಚೆನ್ನಾಗಿ ಅಂದು ಕಳಿಸಿದೆ. ಮಂಡಿ ಸತ್ತೇ ಹೋಯಿತು.

ಏಪ್ರಿಲ್ 27, ಭಾನುವಾರ

ಸೊಸೆ ಬಾಯಿ ಬಿಟ್ಟಳು. ನನ್ನ ಹತ್ತಿರ ಅಲ್ಲ, ತಮ್ಮನ ಹತ್ತಿರ. ನನಗೆ ಕೇಳಲಿ ಅಂತಲೇ ನನ್ನ ಮುಂದೆ.

"ಮಾವ, ಮುಂದಿನ ತಿಂಗಳ ಮೊದಲನೇ ಭಾನುವಾರ ನಿಮ್ಮ ವ್ಯಾನ್ ಬೇಕು. ಅದೇ ರಸ್ತೆ, ಗೋದಾಮಿಂದ ಸ್ಟೇಡಿಯಂವರೆಗೆ. ನಾನು ಮುಂದೆ, ನೀವು ಹಿಂದೆ, ಅವತ್ತಿನ ಹದದಲ್ಲೇ. ಎಲ್ಲೂ ನಿಲ್ಲಿಸಬಾರದು. ನನ್ನ ಚೈನ್ ಕಳಚಿದ್ರೂ ನಿಲ್ಲಿಸಬಾರದು."

"ಅಲ್ಲಮ್ಮ, ರೇಸೇ ಇಲ್ಲ. ಯಾರು ನೋಡ್ತಾರೆ? ಯಾರು ಪದಕ ಕೊಡ್ತಾರೆ?"

"ಪದಕ ಇದೆ. ಅದು ನಂದೋ ಅತ್ತೆಯದೋ ಅಂತ ಗೊತ್ತಾಗ್ಬೇಕು."

ಮಗ ಮೊದಲ ಸಲ ತಲೆ ಕೆರೆಯುವುದನ್ನು ಬಿಟ್ಟು, "ಬಿಸಿಲು ಇನ್ನೂ ಜಾಸ್ತಿ ಆಗಿದೆ ಕಣೇ" ಅಂದ.

"ಅದಕ್ಕೇ ಕಬ್ಬಿಣದ ಮಾತ್ರೆ ತಗೋತಿದೀನಿ. ತಲೆ ತಿರುಗಿದ್ರೆ ಇಳೀತೀನಿ. ನಾನೇ ಇಳೀತೀನಿ, ಯಾರೂ ಇಳಿಸೋದು ಬೇಡ." ಆಮೇಲೆ ನನ್ನ ಕಡೆ ನೋಡದೆ, "ವ್ಯಾನಲ್ಲಿ ಬೇರೆ ಯಾರೂ ಇರಬಾರದು ಮಾವ" ಅಂದಳು.

ಬೇರೆ ಯಾರೂ ಅಂದರೆ ಯಾರು ಅಂತ ಬಿಡಿಸಿ ಹೇಳಬೇಕೇ?

ಏಪ್ರಿಲ್ 28, ಸೋಮವಾರ

ತಮ್ಮನ ಮನೆಗೆ ನಡೆದೇ ಹೋದೆ. ದಾರಿಯಲ್ಲಿ ಎರಡು ಕಡೆ ಕೂತೆ. ಅವನು ನನ್ನನ್ನು ನೋಡಿ ನಕ್ಕ. "ಗೊತ್ತು ಬಿಡಕ್ಕ. ಮೆಲ್ಲಗೆ ಓಡಿಸು ಅಂತ ಹೇಳೋಕೆ ಬಂದಿದೀಯ. ಟಯರ್ ಪಂಕ್ಚರ್ ಅಂತ ನಿಲ್ಲಿಸ್ತೀನಿ, ಆಯ್ತಾ?"

"ನಿಲ್ಲಿಸಿದ್ರೆ ನಿನ್ನ ಕಾಲು ಮುರೀತೀನಿ" ಅಂದೆ. "ಅವತ್ತಿನ ಹದ ಅಂದ್ರೆ ಅವತ್ತಿನ ಹದ. ಒಂಚೂರು ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮೂತಿ ಚಕ್ರ ದಾಟಿದ್ರೆ ದಾಟಲಿ. ಹಾರ್ನ್ ಹೊಡಿ, ಅವಳಿಗೆ ಗೊತ್ತಾಗ್ಲಿ."

"ದಾಟಿದ್ರೆ ಅಳ್ತಾಳೆ ಅಕ್ಕ."

"ಅಳಲಿ. ಅವಳ ಅಳು ಅವಳದ್ದು."

ಅವನು ಚಹಾ ಕೊಟ್ಟ. ತಲೆನೋವು, ಕುಡಿಯಲಾಗಲಿಲ್ಲ. ವಾಪಸು ಬರುವಾಗ ದಾರಿ ಉದ್ದವಾಗಿತ್ತು. ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ. ಎಣ್ಣೆ ಬಾಟಲಿ ಎಲ್ಲಿದೆ ಅಂತ ನಾನೇ ಹುಡುಕಿದೆ. ಇಲ್ಲೇ ಇತ್ತು.

ಸೊಸೆಯೇ, ಈ ಪುಟ ನಿನಗೆ. ನನ್ನ ದಿಂಬು ಕೊಡವುವವಳು ನೀನು, ಇದು ನಿನ್ನ ಕೈಗೆ ಸಿಗದೆ ಇರುವುದಿಲ್ಲ. ಬಾಯಲ್ಲಿ ಕೇಳಲು ಹೋದರೆ ಬೈಗುಳ ಬಂದೀತು, ಅದಕ್ಕೆ ಬರೆಯುತ್ತಿದ್ದೇನೆ. ವ್ಯಾನಿಗೆ ನಾನು ಬರುವುದಿಲ್ಲ. ನೀರಿನ ಕೊಡವನ್ನೂ ಇಡುವುದಿಲ್ಲ. ಸ್ಟೇಡಿಯಮ್ಮಿನ ಗೇಟಿನ ಪಕ್ಕ ಒಂದು ಸಣ್ಣ ನೆರಳಿದೆ, ಒಂದು ಕುರ್ಚಿ ಹಿಡಿಯುವಷ್ಟು. ಅಲ್ಲಿ ನಾನು ಕೂರಬಹುದೋ ಕೂರಬಾರದೋ? ನೀನು ಮುಂದೆ ಬಂದರೂ ವ್ಯಾನು ಮುಂದೆ ಬಂದರೂ ಕುರ್ಚಿಯಿಂದ ಏಳುವುದಿಲ್ಲ, ಬಾಯಿ ತೆರೆಯುವುದಿಲ್ಲ. ಬಾಯಿಯ ವಿಷಯ ಪ್ರಯತ್ನ ಮಾಡುತ್ತೇನೆ.

ಪೆನ್ನನ್ನು ಪುಸ್ತಕದೊಳಗೇ ಇಟ್ಟಿದ್ದೇನೆ. ಉಪಚಾರದ ಮಾತು ಬೇಡ, ಬಾ ಅಥವಾ ಬೇಡ, ಅಷ್ಟು ಬರೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆದಿಡು. ಕುರ್ಚಿಗೆ ಹೇಳಿಡಬೇಕು.